ವಜ್ರ ಕೊಳ್ಳುವಾಗ ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟುಕೊಡಬಹುದು

ಎರಡು ದುಂಡನೆಯ ವಜ್ರಗಳು ಮುಂದಿವೆ ಎಂದುಕೊಳ್ಳಿ. ಮೊದಲನೆಯದರ ಸರ್ಟಿಫಿಕೇಟಿನಲ್ಲಿ 1.01 ಕ್ಯಾರೆಟ್, ಬಣ್ಣ ಇ, ಕ್ಲಾರಿಟಿ (ಒಳಗೆ ಚುಕ್ಕಿ, ಬಿರುಕು ಎಷ್ಟು ಕಡಿಮೆ ಎಂಬುದರ ದರ್ಜೆ) ವಿವಿಎಸ್2, ಕಟ್ (ಸಾಣೆಯ ಗುಣಮಟ್ಟ) ‘ಗುಡ್’ ಎಂದಿದೆ. ಎರಡನೆಯದರಲ್ಲಿ 0.92 ಕ್ಯಾರೆಟ್, ಬಣ್ಣ ಎಚ್, ಕ್ಲಾರಿಟಿ ವಿಎಸ್2, ಕಟ್ ‘ಎಕ್ಸಲೆಂಟ್’. ಕಾಗದವನ್ನಷ್ಟೇ ಓದಿದವರು ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ತೂಕ ಹೆಚ್ಚು, ಬಣ್ಣ ಮೂರು ಮೆಟ್ಟಿಲು ಮೇಲೆ, ಕ್ಲಾರಿಟಿ ಎರಡು ಮೆಟ್ಟಿಲು ಮೇಲೆ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ.

ಬಣ್ಣ ಮತ್ತು ಕ್ಲಾರಿಟಿಯ ಅಕ್ಷರಗಳು ಆ ಕಲ್ಲು ಎಷ್ಟು ಅಪರೂಪದ್ದು ಎಂಬುದನ್ನು ಅಳೆಯುತ್ತವೆ. ಬೆರಳಿನ ಮೇಲೆ ಅದು ಹೇಗೆ ಬೆಳಗುತ್ತದೆ ಎಂಬುದು ಬಹುಪಾಲು ಕಟ್‌ನ ಕೈಯಲ್ಲಿದೆ. ಅಪರೂಪಕ್ಕೆ ಕೊಡುವ ಹಣ ಬೇರೆ, ಅಂದಕ್ಕೆ ಕೊಡುವ ಹಣ ಬೇರೆ. ಸಂಗ್ರಹಕ್ಕೆಂದು ಕೊಳ್ಳುವವರಿಗೆ ಅಪರೂಪವೇ ಮುಖ್ಯವಾದೀತು. ತೊಟ್ಟುಕೊಳ್ಳಲು ಕೊಳ್ಳುವವರು ಮೊದಲು ಅಂದಕ್ಕೆ ಖರ್ಚು ಮಾಡಲಿ, ಉಳಿದರೆ ಅಪರೂಪಕ್ಕೆ. ಮುಂದೆ ಬರುವ ಪ್ರತಿಯೊಂದು ಗುಣವನ್ನೂ ಇದೇ ಅಳತೆಗೋಲಿನಿಂದ ತೂಗಿದ್ದೇನೆ.

ಕಟ್, ಕಲರ್, ಕ್ಲಾರಿಟಿ, ಕ್ಯಾರೆಟ್ ಎಂಬ ನಾಲ್ಕು ‘ಸಿ’ಗಳನ್ನು ನೀವು ಕೇಳಿರುತ್ತೀರಿ. ಇವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿ ಬೆಳೆಸಿದ್ದು ರಾಬರ್ಟ್ ಶಿಪ್ಲಿ 1931ರಲ್ಲಿ ಅಮೆರಿಕದಲ್ಲಿ ಆರಂಭಿಸಿದ, ರತ್ನಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆ. ಈ ನಾಲ್ಕರಲ್ಲಿ ಬಣ್ಣವೂ ಕ್ಲಾರಿಟಿಯೂ ಕಲ್ಲಿನ ಜೊತೆ ಹುಟ್ಟಿ ಬಂದವು. ಕಟ್ ಮಾತ್ರ ಪೂರ್ತಿಯಾಗಿ ಮನುಷ್ಯನ ಕೈಕೆಲಸ. ಆದ್ದರಿಂದಲೇ ಇಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಆರಿಸಿಕೊಳ್ಳುವ ಅವಕಾಶ ಹೆಚ್ಚು.

ಕಟ್: ರಾಜಿ ಮಾಡಿಕೊಳ್ಳಬಾರದ ಗುಣ

ಕಟ್ ಎಂದರೆ ಆಕಾರ ಎಂದು ತಿಳಿಯುವವರು ಬಹಳ. ದುಂಡು, ಓವಲ್, ಚೌಕ ಇವೆಲ್ಲ ಆಕಾರಗಳು. ಮುಖಗಳನ್ನು ಯಾವ ಕೋನದಲ್ಲಿ, ಎಷ್ಟು ಅಳತೆಯಲ್ಲಿ, ಎಷ್ಟು ನಯವಾಗಿ ಸಾಣೆ ಹಿಡಿದಿದ್ದಾರೆ ಎನ್ನುವುದು ಕಟ್.

ವಜ್ರದ ವಕ್ರೀಭವನಾಂಕ ಸುಮಾರು 2.42, ಸಾಮಾನ್ಯ ಗಾಜಿನದು 1.5ರ ಆಸುಪಾಸು. ಇಷ್ಟು ಹೆಚ್ಚಿರುವುದರಿಂದ ವಜ್ರದೊಳಗೆ ಹೊಕ್ಕ ಬೆಳಕು ಸುಲಭವಾಗಿ ಹೊರಬೀಳಲಾರದು. ಒಳಗಿನಿಂದ ಒಂದು ಮುಖವನ್ನು ಮುಟ್ಟುವ ಕಿರಣವು ಆ ಮುಖದ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಮೇಲಿನಿಂದ ಬಂದ ಬೆಳಕು ಕೆಳಗಿನ ಎರಡು ಇಳಿಜಾರುಗಳಿಗೆ ತಾಗಿ, ತಿರುಗಿ, ಮತ್ತೆ ಮೇಲಿನಿಂದಲೇ ನೋಡುವವರ ಕಣ್ಣಿಗೆ ಬರುವಂತೆ ಮಾಡುವುದೇ ಸಾಣೆಗಾರನ ಕೆಲಸ. ಕೋನ ತಪ್ಪಿದರೆ ಬೆಳಕು ಬದಿಯಿಂದಲೋ ತಳದಿಂದಲೋ ಸೋರಿಹೋಗುತ್ತದೆ. ಎಷ್ಟೇ ಶುಭ್ರವಾದ ಕಲ್ಲಾದರೂ ಆಗ ಮಂಕು.

ವಜ್ರದ ಭಾಗಗಳ ಹೆಸರು ತಿಳಿದಿದ್ದರೆ ಸರ್ಟಿಫಿಕೇಟಿನ ಚಿತ್ರ ಓದುವುದು ಸುಲಭ. ಮೇಲಿನ ಚಪ್ಪಟೆ ಮುಖ ಟೇಬಲ್. ಅದರ ಸುತ್ತಲಿನ ಇಳಿಜಾರು ಕ್ರೌನ್. ಸೊಂಟದಂತೆ ಸುತ್ತುವ ಅಂಚು ಗರ್ಡಲ್. ಅದರ ಕೆಳಗೆ ಮೊನೆಯವರೆಗೆ ಇಳಿಯುವ ಭಾಗ ಪೆವಿಲಿಯನ್. ದುಂಡು ಬ್ರಿಲಿಯಂಟ್ ವಜ್ರಕ್ಕೆ ಒಟ್ಟು 57 ಮುಖಗಳು, ಮೊನೆಯಲ್ಲಿ ಕ್ಯುಲೆಟ್ ಎಂಬ ಪುಟ್ಟ ಮುಖವೂ ಇದ್ದರೆ 58. ವಜ್ರ ಸಾಣೆ ಹಿಡಿಯುವ ಮನೆತನದಿಂದ ಬಂದ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ಕ್ರೌನ್ 34.5 ಡಿಗ್ರಿ, ಪೆವಿಲಿಯನ್ 40.75 ಡಿಗ್ರಿ, ಟೇಬಲಿನ ಅಗಲ ಇಡೀ ಕಲ್ಲಿನ ವ್ಯಾಸದ ಶೇ 53 ಇರಬೇಕೆಂದು ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ಒಳ್ಳೆಯ ದುಂಡು ವಜ್ರಗಳು ಆ ಅಂಕಿಗಳ ಸುತ್ತಲೇ ಇವೆ.

ದುಂಡು ವಜ್ರಕ್ಕೆ ಜಿಐಎ 2006ರಿಂದ ಕಟ್ ದರ್ಜೆ ಕೊಡುತ್ತಿದೆ: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ‘ಎಕ್ಸಲೆಂಟ್’ ಎಂಬ ಆವರಣ ಸಾಕಷ್ಟು ಅಗಲವಾದದ್ದು. ಕ್ರೌನ್ 31.5ರಿಂದ 36.5 ಡಿಗ್ರಿವರೆಗೆ, ಪೆವಿಲಿಯನ್ 40.6ರಿಂದ 41.8 ಡಿಗ್ರಿವರೆಗೆ ಅದರೊಳಗೆ ಬರಬಹುದು. ಎರಡೂ ಕೋನಗಳು ಮೇಲ್ತುದಿಗೆ ಹತ್ತಿರವಾಗಿದ್ದರೆ, ದರ್ಜೆ ಎಕ್ಸಲೆಂಟ್ ಆಗಿದ್ದರೂ ಟೇಬಲಿನ ಅಂಚಿನ ಸುತ್ತ ಬೆಳಕು ಸೋರಿ ಮಬ್ಬಾದ ಬಳೆಯೊಂದು ಕಾಣುತ್ತದೆ. ಸಾಣೆಗಾರ ಒರಟು ಕಲ್ಲಿನ ತೂಕ ಉಳಿಸಿಕೊಳ್ಳಲು ಹೋದಾಗ ಹೀಗಾಗುತ್ತದೆ.

ನೂರಾರು ಕಲ್ಲುಗಳ ಪಟ್ಟಿಯನ್ನು ಸೋಸಲು ನಾನು ಸೂಚಿಸುವ ಜರಡಿ ಇಷ್ಟು: ಕ್ರೌನ್ 34ರಿಂದ 35 ಡಿಗ್ರಿ, ಪೆವಿಲಿಯನ್ 40.6ರಿಂದ 41 ಡಿಗ್ರಿ, ಟೇಬಲ್ ಶೇ 54ರಿಂದ 58, ಒಟ್ಟು ಆಳ ಶೇ 60ರಿಂದ 62.5, ಪಾಲಿಶ್ ಮತ್ತು ಸಿಮೆಟ್ರಿ ಎರಡೂ ಎಕ್ಸಲೆಂಟ್. ಇದರ ಹೊರಗೂ ಚಂದದ ಕಲ್ಲುಗಳಿವೆ. ಆದರೆ ಕಣ್ಣಾರೆ ನೋಡದೆ ಕೊಳ್ಳಬೇಕಾದಾಗ ಈ ಅಂಕಿಗಳ ಒಳಗಿರುವುದೇ ಕ್ಷೇಮ. ನಾಲ್ಕರಲ್ಲಿ ಪೆವಿಲಿಯನ್ ಕೋನವೇ ಬಹಳ ಸೂಕ್ಷ್ಮ. ಅದು ತೀರಾ ಚಪ್ಪಟೆಯಾದರೆ ಟೇಬಲಿನ ಒಳಗಡೆ ಗರ್ಡಲಿನ ಬೂದುಬಣ್ಣದ ಪ್ರತಿಬಿಂಬ ಮೀನಿನ ಕಣ್ಣಿನಂತೆ ಮೂಡುತ್ತದೆ. ತೀರಾ ಆಳವಾದರೆ ನಡುಭಾಗ ಕಪ್ಪಾಗುತ್ತದೆ. ಈ ಎರಡು ದೋಷಗಳಿಗೂ ಮದ್ದಿಲ್ಲ, ಮತ್ತೆ ಸಾಣೆ ಹಿಡಿಸಿ ತೂಕ ಕಳೆದುಕೊಳ್ಳುವುದೊಂದೇ ದಾರಿ.

ಗರ್ಡಲ್ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ‘ಎಕ್ಸ್‌ಟ್ರೀಮ್ಲಿ ಥಿನ್’ ಎಂದಿದ್ದರೆ ಏಟು ಬಿದ್ದಾಗ ಅಂಚು ಹಾರುವ ಭಯ. ‘ವೆರಿ ಥಿಕ್’ ಎಂದಿದ್ದರೆ ಯಾರಿಗೂ ಕಾಣದ ಸೊಂಟದಲ್ಲಿ ತೂಕ ಕುಳಿತಿದೆ ಎಂದರ್ಥ, ಆ ತೂಕಕ್ಕೂ ನೀವು ಹಣ ಕೊಡುತ್ತೀರಿ. ‘ಥಿನ್’ನಿಂದ ‘ಸ್ಲೈಟ್ಲಿ ಥಿಕ್’ವರೆಗೆ ಇದ್ದರೆ ಒಳ್ಳೆಯದು.

ಎದುರಿಗಿಟ್ಟು ನೋಡುವುದಾದರೆ ಮೊದಲು ದೀಪದ ವಿಚಾರ. ಅಂಗಡಿಗಳ ಚುಚ್ಚುಬೆಳಕಿನ ಸಣ್ಣ ದೀಪಗಳಡಿ ಸಾಧಾರಣ ಕಲ್ಲೂ ಕಿಡಿ ಚೆಲ್ಲುತ್ತದೆ. ಕಲ್ಲನ್ನು ಒರೆಸಿಕೊಡಲು ಹೇಳಿ. ಕಿಟಕಿಯ ಬಳಿ, ಬಿಸಿಲು ನೇರ ಬೀಳದ ಹಗಲುಬೆಳಕಿನಲ್ಲಿ ಹಿಡಿದು, ನಿಧಾನವಾಗಿ ಓಲಾಡಿಸಿ ನೋಡಿ. ಆಮೇಲೆ ಮೇಜಿನ ನೆರಳಿಗೆ ಒಯ್ಯಿರಿ. ಒಳ್ಳೆಯ ಕಟ್ ಇರುವ ವಜ್ರ ಮಂದ ಬೆಳಕಿನಲ್ಲೂ ಜೀವಂತವಾಗಿರುತ್ತದೆ, ಬಿಳಿ ಮತ್ತು ಕಪ್ಪು ತುಣುಕುಗಳು ಚುರುಕಾಗಿ ಸ್ಥಳ ಬದಲಾಯಿಸುತ್ತವೆ. ಕಲ್ಲನ್ನು ಅಲುಗಿಸಿದರೂ ಒಂದೇ ಜಾಗದಲ್ಲಿ ಕದಲದೆ ನಿಲ್ಲುವ ಬೂದು ಮಬ್ಬು ಕಂಡರೆ ಅಲ್ಲಿ ಬೆಳಕು ಸೋರುತ್ತಿದೆ. ಎರಡು ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು ಹೀಗೆ ನೋಡಿದರೆ ಮೊದಲ ಸಲ ವಜ್ರ ಕೊಳ್ಳುವವರಿಗೂ ವ್ಯತ್ಯಾಸ ತಿಳಿಯುತ್ತದೆ. ಒಂಟಿಯಾಗಿ ನೋಡಿದಾಗ ಎಲ್ಲವೂ ಚಂದವೇ.

ದುಂಡು ಬಿಟ್ಟು ಬೇರೆ ಆಕಾರ ಬೇಕೆಂದರೆ

ದುಂಡು ಆಕಾರಕ್ಕೆ ಒರಟು ಕಲ್ಲು ಹೆಚ್ಚು ವ್ಯರ್ಥವಾಗುತ್ತದೆ, ಬೇಡಿಕೆಯೂ ಹೆಚ್ಚು. ಹಾಗಾಗಿ ಅದೇ ತೂಕ, ಅದೇ ಬಣ್ಣದ ಓವಲ್ ಅಥವಾ ಕುಶನ್ (ದಿಂಬಿನಂತೆ ಮೂಲೆ ದುಂಡಾದ) ವಜ್ರ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಆದರೆ ಈ ಆಕಾರಗಳ ಸರ್ಟಿಫಿಕೇಟುಗಳಲ್ಲಿ ಸಾಮಾನ್ಯವಾಗಿ ಪಾಲಿಶ್, ಸಿಮೆಟ್ರಿ ಮಾತ್ರ ಇರುತ್ತವೆ, ಒಟ್ಟು ಕಟ್ ದರ್ಜೆ ಇರುವುದಿಲ್ಲ. ಎರಡೂ ‘ಎಕ್ಸಲೆಂಟ್’ ಇದ್ದ ಮಾತ್ರಕ್ಕೆ ಕಲ್ಲು ಬೆಳಗುತ್ತದೆ ಎಂದು ನಂಬಬೇಡಿ. ಇಂಥ ಆಕಾರಗಳನ್ನು ಕಣ್ಣಿನಿಂದ, ಕನಿಷ್ಠ ಪಕ್ಷ ತಿರುಗುತ್ತಿರುವ ವಿಡಿಯೋದಿಂದ ನೋಡದೆ ಕೊಳ್ಳಲೇಬಾರದು.

ಓವಲ್, ಪಿಯರ್ (ಹನಿಯಾಕಾರ), ಮಾರ್ಕೀಸ್ (ಎರಡೂ ತುದಿ ಚೂಪಾದ ದೋಣಿಯಾಕಾರ) ಮೂರರಲ್ಲೂ ನಡುವೆ ಅಡ್ಡಲಾಗಿ ಬೋ-ಟೈ ಆಕಾರದ ಕಪ್ಪು ನೆರಳು ಇರುತ್ತದೆ. ಸ್ವಲ್ಪ ಇದ್ದೇ ಇರುತ್ತದೆ, ಅದು ಹೊಳಪಿಗೆ ಮೆರುಗನ್ನೂ ಕೊಡುತ್ತದೆ. ಅಲುಗಿಸಿದಾಗ ಅದು ಮಿಂಚಿ ಮಾಯವಾಗುವುದಾದರೆ ಚಿಂತೆಯಿಲ್ಲ. ಎಲ್ಲ ಕೋನದಿಂದಲೂ ಕಪ್ಪಾಗಿಯೇ ಉಳಿದರೆ ಆ ಕಲ್ಲು ಬೇಡ. ಉದ್ದನೆಯ ಆಕಾರಗಳ ಒಂದು ಅನುಕೂಲವೆಂದರೆ ಅದೇ ತೂಕದಲ್ಲಿ ಬೆರಳಿನ ಮೇಲೆ ದೊಡ್ಡದಾಗಿ ಕಾಣುತ್ತವೆ.

ಎಮರಾಲ್ಡ್ ಕಟ್ ಮತ್ತು ಆಶರ್ ಕಟ್ ಬೇರೆಯದೇ ಜಾತಿ. ಅವುಗಳ ಮುಖಗಳು ಮೆಟ್ಟಿಲುಗಳಂತೆ ಉದ್ದವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ. ಕಿಡಿಗಿಂತ ಅಗಲವಾದ ಬೆಳಕಿನ ಹಾಳೆಗಳು ಅವುಗಳ ಸೊಬಗು. ಆದರೆ ಆ ತೆರೆದ ಮುಖಗಳಲ್ಲಿ ಒಳಗಿನ ಚುಕ್ಕಿ, ಹಳದಿ ಛಾಯೆ ಯಾವುದೂ ಅಡಗುವುದಿಲ್ಲ. ದುಂಡಿನಲ್ಲಿ ಎಸ್‌ಐ1 ಸಾಕಾದರೆ ಇಲ್ಲಿ ಅದಕ್ಕಿಂತ ಮೇಲಿನ ಕ್ಲಾರಿಟಿ ದರ್ಜೆಗಳಾದ ವಿಎಸ್1 ಅಥವಾ ವಿಎಸ್2 ನೋಡಿ. ಕುಶನ್, ರೇಡಿಯಂಟ್ ಆಕಾರಗಳು ಪುಡಿ ಪುಡಿ ಹೊಳಪಿನಿಂದ ಚುಕ್ಕಿಗಳನ್ನು ಚೆನ್ನಾಗಿ ಮರೆಸುತ್ತವೆ, ಆದರೆ ಬಣ್ಣವನ್ನು ಎತ್ತಿ ತೋರಿಸುತ್ತವೆ. ಪ್ರಿನ್ಸೆಸ್ ಕಟ್‌ನ ನಾಲ್ಕು ಚೂಪು ಮೂಲೆಗಳು ಬೇಗ ಒಡೆಯುತ್ತವೆ, ಮೂಲೆಯನ್ನು ಪೂರ್ತಿ ಅಪ್ಪುವ ವಿ ಆಕಾರದ ಕೊಕ್ಕೆಗಳಲ್ಲೇ ಅದನ್ನು ಕೂರಿಸಬೇಕು.

ಕ್ಯಾರೆಟ್: ತೂಕ ಕೇಳಿ, ಮಿಲಿಮೀಟರ್ ನೋಡಿ

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದನ್ನು ನೂರು ಪಾಯಿಂಟುಗಳಾಗಿ ಎಣಿಸುತ್ತಾರೆ, ಅರ್ಧ ಕ್ಯಾರೆಟ್ ಎಂದರೆ 50 ಪಾಯಿಂಟ್. ಇದು ಕೇವಲ ತೂಕ. ಕಣ್ಣಿಗೆ ಕಾಣುವುದು ಮೇಲಿನ ವ್ಯಾಸ.

ಚೆನ್ನಾಗಿ ಸಾಣೆ ಹಿಡಿದ ದುಂಡು ವಜ್ರ ಅರ್ಧ ಕ್ಯಾರೆಟಿಗೆ ಸುಮಾರು 5.1 ಮಿಲಿಮೀಟರ್, ಒಂದು ಕ್ಯಾರೆಟಿಗೆ 6.5, ಎರಡು ಕ್ಯಾರೆಟಿಗೆ 8.1 ಮಿಲಿಮೀಟರ್ ಇರುತ್ತದೆ. ತೂಕ ನಾಲ್ಕು ಪಟ್ಟಾದರೂ ವ್ಯಾಸ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಷ್ಟೇ. ಬೆಲೆ ಮಾತ್ರ ತೂಕಕ್ಕಿಂತಲೂ ವೇಗವಾಗಿ ಏರುತ್ತದೆ, ದೊಡ್ಡ ಕಲ್ಲುಗಳು ಅಪರೂಪವಾದ್ದರಿಂದ ಪ್ರತಿ ಕ್ಯಾರೆಟಿನ ದರವೇ ಹೆಚ್ಚು.

ಈ ದರ 0.50, 0.70, 1.00, 1.50 ಇಂಥ ಗಡಿಗಳಲ್ಲಿ ಥಟ್ಟನೆ ಜಿಗಿಯುತ್ತದೆ. ಆ ಗಡಿ ತಪ್ಪಬಾರದೆಂದು ಸಾಣೆಗಾರರು ತಳವನ್ನು ಆಳವಾಗಿಯೇ ಬಿಟ್ಟು ತೂಕ ಉಳಿಸುತ್ತಾರೆ. ಸರಿಯಾಗಿ 1.00 ಅಥವಾ 1.01 ಕ್ಯಾರೆಟ್ ಇರುವ ಕಲ್ಲುಗಳಲ್ಲಿ ಕೆಟ್ಟ ಕಟ್ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಮೊದಲು ಹೇಳಿದ ಜೋಡಿಗೆ ಬನ್ನಿ. 1.01 ಕ್ಯಾರೆಟಿನ ಕಲ್ಲಿಗೆ ಶೇ 65ರಷ್ಟು ಆಳ, ದಪ್ಪನೆಯ ಗರ್ಡಲ್ ಇದ್ದರೆ ಅದರ ವ್ಯಾಸ ಸುಮಾರು 6.25 ಮಿಲಿಮೀಟರ್. 0.92 ಕ್ಯಾರೆಟಿನ ಸರಿಯಾದ ಕಲ್ಲಿನ ವ್ಯಾಸವೂ ಅಷ್ಟೇ. ಹಗುರವಾದ ಕಲ್ಲು ಬೆರಳಿನ ಮೇಲೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅಂಚಿನವರೆಗೆ ಬೆಳಗುವುದರಿಂದ ಇನ್ನೂ ದೊಡ್ಡದೆನಿಸಿದರೂ ಆಶ್ಚರ್ಯವಿಲ್ಲ. ಗಡಿಗಿಂತ ತುಸು ಕೆಳಗಿನ ತೂಕಗಳನ್ನು, ಅಂದರೆ 0.90ರಿಂದ 0.97, 1.40ರಿಂದ 1.47ರ ನಡುವಿನ ಕಲ್ಲುಗಳನ್ನು ಹುಡುಕುವುದು ನನ್ನ ಮಟ್ಟಿಗೆ ಅತ್ಯಂತ ಬುದ್ಧಿವಂತಿಕೆಯ ಉಳಿತಾಯ.

ಬಣ್ಣ: ಲೋಹ ಮೊದಲು ನಿರ್ಧಾರವಾಗಲಿ

ಬಣ್ಣದ ಶ್ರೇಣಿ ಡಿ ಅಕ್ಷರದಿಂದ ಶುರುವಾಗಿ ಜೆಡ್‌ವರೆಗೆ ಹೋಗುತ್ತದೆ. ಹಿಂದೆ ವ್ಯಾಪಾರಿಗಳು ಎ, ಎಎ ಎಂದೆಲ್ಲ ತಮಗೆ ತೋಚಿದಂತೆ ಹೇಳುತ್ತಿದ್ದುದರಿಂದ, ಆ ಗೊಂದಲ ಬೇಡವೆಂದು ಜಿಐಎ ಡಿ ಇಂದ ಆರಂಭಿಸಿತು. ಡಿ, ಇ, ಎಫ್ ಬಣ್ಣವಿಲ್ಲದವು. ಜಿ, ಎಚ್, ಐ, ಜೆ ಬಣ್ಣವಿಲ್ಲದವಕ್ಕೆ ಹತ್ತಿರದವು. ಕೆ ಇಂದ ತಿಳಿ ಹಳದಿ ಕಣ್ಣಿಗೆ ತಾಗತೊಡಗುತ್ತದೆ. ಈ ಹಳದಿಗೆ ಹೆಚ್ಚಿನಂಶ ಕಾರಣ ಇಂಗಾಲದ ಜಾಲರಿಯೊಳಗೆ ಸೇರಿಕೊಂಡ ಸಾರಜನಕದ ಪರಮಾಣುಗಳು.

ಪ್ರಯೋಗಾಲಯದಲ್ಲಿ ಬಣ್ಣ ನೋಡುವುದು ಕಲ್ಲನ್ನು ಮಗುಚಿ, ಟೇಬಲ್ ಕೆಳಗೆ ಮಾಡಿ, ಬಿಳಿ ಹಿನ್ನೆಲೆಯಲ್ಲಿ, ಮಾದರಿ ಕಲ್ಲುಗಳ ಪಕ್ಕದಲ್ಲಿಟ್ಟು. ಹಾಗೆ ನೋಡಿದರಷ್ಟೇ ಸೂಕ್ಷ್ಮ ವ್ಯತ್ಯಾಸ ಸಿಗುತ್ತದೆ. ಆಭರಣದಲ್ಲಿ ಯಾರೂ ಕಲ್ಲನ್ನು ಮಗುಚಿ ನೋಡುವುದಿಲ್ಲ. ಮೇಲಿನಿಂದ ನೋಡಿದಾಗ ಹೊಳಪು ಬಣ್ಣವನ್ನು ನುಂಗಿಬಿಡುತ್ತದೆ. ಒಂದು ಕ್ಯಾರೆಟಿನ ಒಳಗಿನ ದುಂಡು ವಜ್ರದಲ್ಲಿ ಎಫ್ ಯಾವುದು, ಎಚ್ ಯಾವುದು ಎಂದು ಪಕ್ಕಪಕ್ಕ ಇಡದೆ ಹೇಳುವುದು ಅನುಭವಿಗಳಿಗೂ ಕಷ್ಟ.

ಹಾಗಾಗಿ ಬಿಳಿ ಚಿನ್ನಕ್ಕೋ ಪ್ಲಾಟಿನಂಗೋ ಕೂರಿಸುವ ದುಂಡು ಕಲ್ಲಿಗೆ ಜಿ ಅಥವಾ ಎಚ್ ಸಾಕು. ಹಳದಿ ಚಿನ್ನಕ್ಕಾದರೆ ಐ, ಜೆ ಕೂಡ ಚೆನ್ನಾಗಿಯೇ ಕಾಣುತ್ತವೆ. ಲೋಹದ ಬಣ್ಣವೇ ಕಲ್ಲಿನೊಳಗೆ ಪ್ರತಿಫಲಿಸುವುದರಿಂದ ಡಿ ಬಣ್ಣಕ್ಕೆ ಕೊಟ್ಟ ಹಣ ಅಲ್ಲಿ ಕರಗಿಹೋಗುತ್ತದೆ. ಕಲ್ಲು ಎರಡು ಕ್ಯಾರೆಟಿಗಿಂತ ದೊಡ್ಡದಾದರೆ, ಅಥವಾ ಓವಲ್, ಪಿಯರ್ ಆಕಾರದ್ದಾದರೆ, ಒಂದು ಮೆಟ್ಟಿಲು ಮೇಲೆ ಹೋಗಿ. ದೊಡ್ಡ ಕಲ್ಲಿನಲ್ಲೂ ಚೂಪಾದ ತುದಿಯಲ್ಲೂ ಬಣ್ಣ ಗಟ್ಟಿಯಾಗಿ ಕಾಣುತ್ತದೆ. ನಡುವಿನ ಕಲ್ಲಿನ ಸುತ್ತ ಸಣ್ಣ ಕಲ್ಲುಗಳ ಸಾಲು ಬರುವುದಿದ್ದರೆ ಎರಡರ ಬಣ್ಣವೂ ಹತ್ತಿರ ಹತ್ತಿರ ಇರಲಿ. ಜೆ ಬಣ್ಣದ ಕಲ್ಲನ್ನು ಎಫ್ ಬಣ್ಣದ ಸಣ್ಣ ಕಲ್ಲುಗಳ ನಡುವೆ ಇಟ್ಟರೆ ಅದರ ಹಳದಿ ಎದ್ದು ಕಾಣುತ್ತದೆ.

ಫ್ಲೋರೆಸೆನ್ಸ್ ಎಂಬ ಸಾಲನ್ನೂ ಸರ್ಟಿಫಿಕೇಟಿನಲ್ಲಿ ಕಾಣುತ್ತೀರಿ. ನೇರಳಾತೀತ ಕಿರಣ ಬಿದ್ದಾಗ ಕೆಲವು ವಜ್ರಗಳು ಹೆಚ್ಚಾಗಿ ನೀಲಿ ಬೆಳಕು ಸೂಸುತ್ತವೆ. ಇದನ್ನು ಕೇಳಿದೊಡನೆ ಹಿಂಜರಿಯುವವರಿದ್ದಾರೆ. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ನೋಡುಗರಿಗೆ ಇದರ ಪರಿಣಾಮ ಕಾಣಲೇ ಇಲ್ಲ. ಐ, ಜೆ, ಕೆ ಬಣ್ಣದ ಕಲ್ಲುಗಳಲ್ಲಿ ಮಧ್ಯಮ ಪ್ರಮಾಣದ ನೀಲಿ ಫ್ಲೋರೆಸೆನ್ಸ್ ಹಳದಿಯನ್ನು ತುಸು ತಗ್ಗಿಸಲೂಬಹುದು, ಬೆಲೆಯೂ ಕಡಿಮೆ. ‘ಸ್ಟ್ರಾಂಗ್’ ಅಥವಾ ‘ವೆರಿ ಸ್ಟ್ರಾಂಗ್’ ಇದ್ದಾಗ ಮಾತ್ರ ಬಿಸಿಲಿಗೆ ಒಯ್ದು ಹಾಲಿನಂತೆ ಮಸುಕಾಗುತ್ತದೆಯೇ ಎಂದು ನೋಡಿ. ಹಾಗಾಗುವ ಕಲ್ಲುಗಳು ವಿರಳ, ಆದರೆ ಇವೆ.

ಕ್ಲಾರಿಟಿ: ಚುಕ್ಕಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ, ಎಂಥದು

ಎಫ್‌ಎಲ್, ಐಎಫ್, ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಮತ್ತೆ ಐ1, ಐ2, ಐ3. ಹೀಗೆ ಅತಿ ಶುಭ್ರದಿಂದ ಕೆಳಕ್ಕೆ ಹನ್ನೊಂದು ದರ್ಜೆಗಳು. ಎಲ್ಲವನ್ನೂ ನಿರ್ಧರಿಸುವುದು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಡಿ. ವಿವಿಎಸ್ ಮತ್ತು ವಿಎಸ್ ನಡುವಿನ ಅಂತರ ಬರಿಗಣ್ಣಿಗೆ ಇಲ್ಲವೇ ಇಲ್ಲ. ಮಸೂರದಲ್ಲಿ ಮಾತ್ರ ಕಾಣುವ ಗುಣಕ್ಕೆ ಹಣ ಸುರಿಯುವ ಬದಲು ಬರಿಗಣ್ಣಿಗೆ ಶುಭ್ರವಾಗಿ ಕಾಣುವ ಅತಿ ಕೆಳಗಿನ ದರ್ಜೆಯನ್ನು ಹುಡುಕುವುದೇ ಜಾಣತನ. ಒಂದು ಕ್ಯಾರೆಟ್ ಆಸುಪಾಸಿನ ದುಂಡು ವಜ್ರಕ್ಕೆ ಅದು ಸಾಮಾನ್ಯವಾಗಿ ವಿಎಸ್2 ಅಥವಾ ಒಳ್ಳೆಯ ಎಸ್‌ಐ1.

‘ಒಳ್ಳೆಯ’ ಎಂದು ಸೇರಿಸಿದ್ದಕ್ಕೆ ಕಾರಣವಿದೆ. ಒಂದೇ ಎಸ್‌ಐ1 ದರ್ಜೆಯ ಎರಡು ಕಲ್ಲುಗಳು ಅಜಗಜಾಂತರ ಇರಬಲ್ಲವು. ಒಂದರಲ್ಲಿ ಬಣ್ಣವಿಲ್ಲದ ಪುಟ್ಟ ಹರಳು ಅಂಚಿನ ಬಳಿ ಇರುತ್ತದೆ, ಕೊಕ್ಕೆಯೊಂದರ ಕೆಳಗೆ ಅದನ್ನು ಮರೆಮಾಡಬಹುದು. ಇನ್ನೊಂದರಲ್ಲಿ ಕಪ್ಪು ಹರಳು ಸರಿಯಾಗಿ ಟೇಬಲಿನ ನಡುವೆ ಕುಳಿತು, ಕೆಳಗಿನ ಮುಖಗಳಲ್ಲಿ ಪ್ರತಿಬಿಂಬಿಸಿ, ಒಂದು ಚುಕ್ಕಿ ಐದಾರಾಗಿ ಕಾಣುತ್ತದೆ. ಸರ್ಟಿಫಿಕೇಟಿನ ನಕ್ಷೆ ಜಾಗವನ್ನು ತೋರಿಸುತ್ತದೆ, ಚುಕ್ಕಿಯ ಬಣ್ಣವನ್ನು ತೋರಿಸುವುದಿಲ್ಲ.

‘ಫೆದರ್’ ಎಂದರೆ ಒಳಗಿನ ಬಿರುಕು. ಚಿಕ್ಕದಾಗಿ ಒಳಗೇ ಉಳಿದಿದ್ದರೆ ತೊಂದರೆಯಿಲ್ಲ. ಅದು ಗರ್ಡಲಿನವರೆಗೆ ಬಂದು ಹೊರಮೈ ಮುಟ್ಟಿದ್ದರೆ, ಅದೂ ಪ್ರಿನ್ಸೆಸ್ ಕಟ್‌ನ ಮೂಲೆಯಲ್ಲೋ ಪಿಯರ್‌ನ ತುದಿಯಲ್ಲೋ ಇದ್ದರೆ, ಆ ಕಲ್ಲನ್ನು ಬಿಟ್ಟುಬಿಡಿ. ವಜ್ರದಷ್ಟು ಗಟ್ಟಿ ಬೇರಿಲ್ಲ, ಮೋಸ್ ಮಾಪಕದಲ್ಲಿ ಅದು 10. ಆದರೆ ಗಟ್ಟಿತನ ಗೀರಿಗೆ ತಡೆ, ಏಟಿಗಲ್ಲ. ವಜ್ರ ನಾಲ್ಕು ದಿಕ್ಕುಗಳಲ್ಲಿ ಸೀಳಿಕೊಳ್ಳುವ ಗುಣ ಉಳ್ಳದ್ದು, ಕಲ್ಲುಹಾಸಿಗೆ ತಪ್ಪು ಕೋನದಲ್ಲಿ ತಾಗಿದರೆ ಒಡೆಯುತ್ತದೆ.

ನನಗೆ ಎಲ್ಲಕ್ಕಿಂತ ಆತಂಕ ತರುವುದು ‘ಕ್ಲೌಡ್’, ಅಂದರೆ ಸೂಕ್ಷ್ಮ ಬಿಂದುಗಳ ಮೋಡ. ಎಸ್‌ಐ2 ಕಲ್ಲಿನ ನಕ್ಷೆಯಲ್ಲಿ ಹೆಚ್ಚೇನೂ ಗುರುತುಗಳಿಲ್ಲದೆ, ಕೆಳಗೆ ‘ನಕ್ಷೆಯಲ್ಲಿ ತೋರಿಸದ ಮೋಡಗಳ ಆಧಾರದ ಮೇಲೆ ಕ್ಲಾರಿಟಿ ದರ್ಜೆ ಕೊಡಲಾಗಿದೆ’ ಎಂಬರ್ಥದ ಟಿಪ್ಪಣಿ ಇದ್ದರೆ ಜೋಪಾನ. ಅಂಥ ಮೋಡ ಇಡೀ ಕಲ್ಲನ್ನು ತುಂಬಿ ಹೊಳಪನ್ನೇ ಮಂಜಾಗಿಸುತ್ತದೆ. ಕಪ್ಪು ಚುಕ್ಕಿ ಒಂದು ಮೂಲೆಯನ್ನು ಕೆಡಿಸುತ್ತದೆ, ಮೋಡ ಕಲ್ಲನ್ನೇ ಕೆಡಿಸುತ್ತದೆ. ಇಂಥ ಕಲ್ಲನ್ನು ಶುಭ್ರವಾದ ಇನ್ನೊಂದರ ಪಕ್ಕದಲ್ಲಿಡದೆ ನಿರ್ಧರಿಸಬೇಡಿ.

ಗಣಿಯದೋ, ಪ್ರಯೋಗಾಲಯದ್ದೋ

ಈಗ ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಪ್ರಯೋಗಾಲಯದ ವಜ್ರ ನಕಲಿ ಅಲ್ಲ. ಅದೇ ಇಂಗಾಲ, ಅದೇ ಜಾಲರಿ, ಅದೇ ಗಟ್ಟಿತನ, ಅದೇ ವಕ್ರೀಭವನಾಂಕ. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರಲ್ಲಿ ಭಾರಿ ಒತ್ತಡ ಮತ್ತು ಶಾಖದಿಂದ ವಜ್ರ ಬೆಳೆಸಿದರು. ಆ ವಿಧಾನ ಎಚ್‌ಪಿಎಚ್‌ಟಿ. ಮೀಥೇನಿನಂಥ ಅನಿಲದಿಂದ ಇಂಗಾಲವನ್ನು ಪದರ ಪದರವಾಗಿ ಕೂರಿಸಿ ಬೆಳೆಸುವ ಇನ್ನೊಂದು ವಿಧಾನ ಸಿವಿಡಿ. ಮಸೂರ ಹಿಡಿದು ನೋಡಿ ಇದು ಗಣಿಯದು, ಇದು ಬೆಳೆಸಿದ್ದು ಎಂದು ಹೇಳಲಾಗದು. ಅದಕ್ಕೆ ಪ್ರಯೋಗಾಲಯದ ಉಪಕರಣಗಳು ಬೇಕು. ಅಂಗಡಿಯ ಪೆನ್ನಿನಂಥ ಟೆಸ್ಟರ್ ಎರಡಕ್ಕೂ ‘ವಜ್ರ’ ಎಂದೇ ಹೇಳುತ್ತದೆ.

ಆಯ್ಕೆಯ ಪ್ರಶ್ನೆ ಬಂದಾಗ ಎರಡು ಸಂಗತಿ ಸ್ಪಷ್ಟವಾಗಿರಲಿ. ಮೊದಲನೆಯದು, ಬೆಳೆಸಿದ ವಜ್ರಗಳ ಉತ್ಪಾದನೆ ಹೆಚ್ಚಿದಂತೆ ಅವುಗಳ ಬೆಲೆ ಇಳಿಯುತ್ತಲೇ ಬಂದಿದೆ. ಮುಂದೆ ಮಾರಿದರೆ ಹಣ ಬರಲಿ ಎಂಬ ಲೆಕ್ಕದಲ್ಲಿ ಅದನ್ನು ಕೊಳ್ಳಬೇಡಿ. ಗಣಿಯ ವಜ್ರವನ್ನೂ ಕೊಟ್ಟ ಬೆಲೆಗೆ ಮರಳಿ ಮಾರುವುದು ಸುಲಭವಲ್ಲ, ಆದರೆ ಅದಕ್ಕೆ ಮಾರುಕಟ್ಟೆ ಹೆಚ್ಚು ಗಟ್ಟಿಯಾಗಿದೆ. ಎರಡನೆಯದು, ಬೆಳೆಸಿದ ಕಲ್ಲುಗಳಲ್ಲಿ ಒಳ್ಳೆಯ ಬಣ್ಣ, ಒಳ್ಳೆಯ ಕ್ಲಾರಿಟಿ ಸಾಮಾನ್ಯ ಸಂಗತಿ. ಹಾಗಾಗಿ ಅವುಗಳಲ್ಲಿ ಅಪರೂಪದ ಅಳತೆಗೇ ಅರ್ಥ ಕಡಿಮೆ. ಜಿಐಎ ಕೂಡ 2025ರಲ್ಲಿ ಇವುಗಳಿಗೆ ಗಣಿಯ ವಜ್ರಗಳ ಅಕ್ಷರ ದರ್ಜೆಗಳನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗಗಳಿಗೆ ಬದಲಾಯಿಸುವುದಾಗಿ ಪ್ರಕಟಿಸಿತು.

ತೊಡುವ ಸಂತೋಷಕ್ಕೆ, ಒಂದೇ ಹಣದಲ್ಲಿ ದೊಡ್ಡ ಕಲ್ಲು ಬೇಕೆನ್ನುವವರಿಗೆ ಬೆಳೆಸಿದ ವಜ್ರ ಗೌರವದ ಆಯ್ಕೆ. ಕೋಟಿಗಟ್ಟಲೆ ವರ್ಷ ಭೂಮಿಯ ಆಳದಲ್ಲಿದ್ದು ಬಂದ ಕಲ್ಲು ಎಂಬ ಭಾವ ಮುಖ್ಯವಾದವರಿಗೆ ಗಣಿಯದೇ ಬೇಕು. ಆ ಭಾವವನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. ಬೆಳೆಸಿದ್ದನ್ನು ಆರಿಸುವುದಾದರೆ ಕಟ್ ಬಗ್ಗೆ ಹೇಳಿದ್ದೆಲ್ಲ ಹಾಗೆಯೇ ಅನ್ವಯಿಸುತ್ತದೆ. ಜೊತೆಗೆ ಛಾಯೆ ನೋಡಿ: ಕೆಲವು ಸಿವಿಡಿ ಕಲ್ಲುಗಳಲ್ಲಿ ಕಂದು, ಕೆಲವು ಎಚ್‌ಪಿಎಚ್‌ಟಿ ಕಲ್ಲುಗಳಲ್ಲಿ ನಸುನೀಲಿ ಇರುತ್ತದೆ.

ಮೊಯಿಸನೈಟ್ ಮತ್ತು ಕ್ಯೂಬಿಕ್ ಜಿರ್ಕೋನಿಯಾ ವಜ್ರವೇ ಅಲ್ಲ. ಮೊಯಿಸನೈಟ್ ಎಂದರೆ ಸಿಲಿಕಾನ್ ಕಾರ್ಬೈಡ್, ಗಟ್ಟಿತನ 9.25. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗುಣ ವಜ್ರದಲ್ಲಿ 0.044 ಆದರೆ ಇದರಲ್ಲಿ 0.104. ಕಾಮನಬಿಲ್ಲಿನ ಕಿಡಿ ಅತಿಯಾಗಿ ಕಾಣುವುದಕ್ಕೆ ಇದೇ ಕಾರಣ. ಮಸೂರ ಹಿಡಿದು ಓರೆಯಾಗಿ ನೋಡಿದರೆ ಹಿಂಬದಿಯ ಗೆರೆಗಳು ಎರಡೆರಡಾಗಿ ಕಾಣುತ್ತವೆ. ಶಾಖ ಅಳೆಯುವ ಹಳೆಯ ಟೆಸ್ಟರುಗಳು ಇದನ್ನೂ ವಜ್ರವೆಂದು ತೋರಿಸಿಬಿಡುತ್ತವೆ, ಅದನ್ನು ನೆಚ್ಚಬೇಡಿ. ಮೊಯಿಸನೈಟ್ ಎಂದೇ ಹೇಳಿ ಮಾರಿದರೆ ಅದೂ ಬಾಳಿಕೆ ಬರುವ ಒಳ್ಳೆಯ ಕಲ್ಲು. ಕ್ಯೂಬಿಕ್ ಜಿರ್ಕೋನಿಯಾದ ಅಂಚುಗಳು ದಿನನಿತ್ಯದ ಬಳಕೆಯಲ್ಲಿ ಸವೆದು ಮಂಕಾಗುತ್ತವೆ. ಅದೇ ಗಾತ್ರದ ವಜ್ರಕ್ಕಿಂತ ಅದು ಒಂದೂವರೆ ಪಟ್ಟಿಗೂ ಹೆಚ್ಚು ಭಾರ.

ಕಾಗದವನ್ನು ಓದುವ ಬಗೆ

ಸರ್ಟಿಫಿಕೇಟು ಮಾರುವವರಿಗೆ ಸಂಬಂಧವಿಲ್ಲದ ಪ್ರಯೋಗಾಲಯದ್ದಾಗಿರಬೇಕು. ಜಿಐಎ, ಐಜಿಐ, ಎಚ್‌ಆರ್‌ಡಿ ಹೆಚ್ಚು ಪರಿಚಿತ ಹೆಸರುಗಳು. ಬಣ್ಣ ಮತ್ತು ಕ್ಲಾರಿಟಿ ಮನುಷ್ಯರ ಕಣ್ಣಿನ ತೀರ್ಮಾನವಾದ್ದರಿಂದ ಬೇರೆ ಬೇರೆ ಪ್ರಯೋಗಾಲಯಗಳ ನಡುವೆ ಒಂದು ಮೆಟ್ಟಿಲು ಆಚೀಚೆ ಆಗುವುದುಂಟು. ಒಂದು ಪ್ರಯೋಗಾಲಯದ ಎಫ್ ಬಣ್ಣವನ್ನು ಇನ್ನೊಂದರ ಎಫ್ ಜೊತೆ ಹೋಲಿಸಿ ‘ಇಲ್ಲಿ ಅಗ್ಗ’ ಎನ್ನಬೇಡಿ. ಒಂದೇ ಪ್ರಯೋಗಾಲಯದ ಕಾಗದವಿರುವ ಕಲ್ಲುಗಳನ್ನೇ ಹೋಲಿಸಿ.

ಕೆಳಗಿನ ಟಿಪ್ಪಣಿಗಳಲ್ಲಿ ಸಂಸ್ಕರಣೆಯ ಉಲ್ಲೇಖ ಹುಡುಕಿ. ಲೇಸರಿನಿಂದ ಕೊರೆದು ಕಪ್ಪು ಚುಕ್ಕಿಯನ್ನು ಬಿಳಿ ಮಾಡಿರಬಹುದು, ಶಾಖ-ಒತ್ತಡದಿಂದ ಬಣ್ಣ ತಿದ್ದಿರಬಹುದು. ಇವು ಶಾಶ್ವತವಾದವು, ಆದರೆ ತಿಳಿಸಿ ಮಾರಬೇಕು, ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ಬಿರುಕಿಗೆ ಗಾಜಿನಂಥ ವಸ್ತು ತುಂಬಿದ ಕಲ್ಲು ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ಅಕ್ಕಸಾಲಿಗರು ಮುಂದೊಂದು ದಿನ ಉಂಗುರ ಬೆಸೆಯಲು ಬೆಂಕಿ ತಾಗಿಸಿದಾಗ ಆ ತುಂಬು ಕರಗಿ ಬಿರುಕು ಬಯಲಾಗುತ್ತದೆ. ಅದಕ್ಕೇ ಜಿಐಎ ಇಂಥ ಕಲ್ಲುಗಳಿಗೆ ದರ್ಜೆ ಕೊಡುವುದಿಲ್ಲ.

ಸಾಲುಗಟ್ಟಿ ಕೂರಿಸುವ ಸಣ್ಣ ಕಲ್ಲುಗಳಿಗೆ ಪ್ರತ್ಯೇಕ ಸರ್ಟಿಫಿಕೇಟು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಅವೆಲ್ಲ ಒಂದೇ ಬಣ್ಣಕ್ಕೆ ಹೊಂದಿಕೊಂಡಿವೆಯೇ, ಯಾವುದಾದರೂ ಒಂದು ಮಂಕಾಗಿದೆಯೇ ಎಂದು ನೋಡಿದರೆ ಸಾಕು.

ಯಾವ ಆಭರಣಕ್ಕೆ ಯಾವುದು

ಉಂಗುರದ ಕಲ್ಲನ್ನು ತೊಟ್ಟವರೇ ದಿನವಿಡೀ ಹತ್ತಿರದಿಂದ ನೋಡುತ್ತಾರೆ, ಏಟು ಬೀಳುವುದೂ ಅದಕ್ಕೇ. ಎಕ್ಸಲೆಂಟ್ ಕಟ್, ಜಿ ಅಥವಾ ಎಚ್, ವಿಎಸ್2, ಅಂಚಿನಲ್ಲಿ ಬಿರುಕಿಲ್ಲದ ಕಲ್ಲು ಅಲ್ಲಿಗೆ ಸರಿ. ಕೈಕೆಲಸ ಹೆಚ್ಚಿರುವವರಿಗೆ ಕೊಕ್ಕೆಗಳಿಗಿಂತ ಸುತ್ತಲೂ ಲೋಹದ ಅಂಚು ಕಟ್ಟಿ ಕೂರಿಸುವ ಬಗೆಯೇ ಭದ್ರ.

ಓಲೆಗಳನ್ನು ಯಾರೂ ಒಂದಡಿಗಿಂತ ಹತ್ತಿರದಿಂದ ದಿಟ್ಟಿಸುವುದಿಲ್ಲ. ಎಸ್‌ಐ1, ಐ ಬಣ್ಣ ಧಾರಾಳವಾಗಿ ಸಾಕು. ಅಲ್ಲಿ ಮುಖ್ಯವಾದದ್ದು ಜೋಡಿ. ಎರಡರ ವ್ಯಾಸದಲ್ಲಿ 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರದಿರಲಿ, ಬಣ್ಣ ಒಂದೇ ಮೆಟ್ಟಿಲಿನದಾಗಿರಲಿ, ಕೋನಗಳೂ ಹತ್ತಿರವಿರಲಿ. ಒಂದು ಕಿವಿ ಬೆಳಗಿ ಇನ್ನೊಂದು ಮಂಕಾದರೆ ಎಷ್ಟು ಖರ್ಚು ಮಾಡಿದರೂ ಸಮಾಧಾನವಿಲ್ಲ. ಪದಕಕ್ಕೂ ಇದೇ ಸಡಿಲಿಕೆ ಸಲ್ಲುತ್ತದೆ. ಅದು ಏಟಿನಿಂದ ದೂರವಿರುವುದರಿಂದ ಚೂಪು ತುದಿಯ ಪಿಯರ್, ಮಾರ್ಕೀಸ್ ಆಕಾರಗಳಿಗೆ ಉಂಗುರಕ್ಕಿಂತ ಪದಕವೇ ಒಳ್ಳೆಯ ಜಾಗ.

ಕಲ್ಲು ಕೂರಿಸಿ ಆಭರಣ ಕೈಗೆ ಬಂದ ದಿನ ಮಸೂರ ಕೇಳಿ ಪಡೆದು ಮೂರು ಕಡೆ ನೋಡಿ. ಗರ್ಡಲಿನ ಮೇಲೆ ಲೇಸರಿನಲ್ಲಿ ಬರೆದ ಸಂಖ್ಯೆ ಸರ್ಟಿಫಿಕೇಟಿನದಕ್ಕೆ ಹೊಂದುತ್ತದೆಯೇ, ನಕ್ಷೆಯಲ್ಲಿದ್ದ ದೊಡ್ಡ ಗುರುತು ಅದೇ ಜಾಗದಲ್ಲಿದೆಯೇ, ಪ್ರತಿ ಕೊಕ್ಕೆಯೂ ಕಲ್ಲಿಗೆ ಅಂಟಿಕೊಂಡಂತೆ ಕುಳಿತಿದೆಯೇ. ಸಂಖ್ಯೆ ಕೊಕ್ಕೆಯ ಕೆಳಗೆ ಮುಚ್ಚಿಹೋಗದಂತೆ ಕೂರಿಸಲು ಮೊದಲೇ ಹೇಳಿಡಿ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ತಳದಲ್ಲಿ ಎಣ್ಣೆಯ ತೆಳು ಪದರ ಕೂತರೂ ಬೆಳಕು ಸೋರತೊಡಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪಿನ ದ್ರಾವಣ ಹಾಕಿ, ಮೆದು ಬ್ರಷ್‌ನಿಂದ ಹಿಂಬದಿಯನ್ನು ತಿಕ್ಕಿ ತೊಳೆಯಿರಿ. ತೆಗೆದಿಡುವಾಗ ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಡಿ, ವಜ್ರವನ್ನು ಗೀರಬಲ್ಲದ್ದು ಇನ್ನೊಂದು ವಜ್ರ.